ನಡುವಿನ ಕಾಜ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಮೆಟ್ಟಿಲು ಹತ್ತಲು ಬಿಡುತ್ತಿದೆಯೋ ಇಲ್ಲವೋ? ಆ ಕೆಮ್ಮು ಹೋಯಿತೇ, ಅಥವಾ ಬೆಳಿಗ್ಗೆ ಮನೆಯವರನ್ನೆಲ್ಲ ಎಬ್ಬಿಸುವ ಕೆಲಸ ಈಗಲೂ ಅದರದ್ದೇ? ಕಾಗದದಲ್ಲಿ ಕ್ಷೇಮ ಕೇಳುವುದು ರೂಢಿ, ಆದರೆ ನಾನು ರೂಢಿಗೆ ಕೇಳುತ್ತಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಯೇ, ಈ ನಿನ್ನ ಗುಬ್ಬಿಗೆ ತಲೆ ಕೆಟ್ಟಿದೆ ಎಂದೂ ಅನ್ನಬೇಡ. ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ನಮ್ಮಲ್ಲಿ ಎಲ್ಲರೂ ಇದ್ದಾರೆ. ಚೆನ್ನಾಗಿದ್ದಾರೆ ಎನ್ನಲು ಮುಖ ನೋಡಬೇಕಲ್ಲ, ಅದು ಸಿಗುವುದಿಲ್ಲ. ಫೋನಿಗೆ ಬಗ್ಗಿದ ನೆತ್ತಿ ಸಿಗುತ್ತದೆ. ಮಗನ ನೆತ್ತಿಯಲ್ಲಿ ಕೂದಲು ತೆಳುವಾಗಿದೆ, ಮೊಮ್ಮಗಳ ಬೈತಲೆ ಸೊಟ್ಟ, ಇಷ್ಟು ಬಲ್ಲೆ. ಮೊನ್ನೆ ಊಟಕ್ಕೆ ಕರೆಯುತ್ತಾರೆಂದು ಕಾದು ಕಾದು ಎದ್ದು ಹೋದರೆ ಎಲ್ಲರದ್ದೂ ಮುಗಿದಿತ್ತು. "ಗ್ರೂಪಲ್ಲಿ ಹಾಕಿದ್ನಲ್ಲ ಅತ್ತೆ, ಊಟ ರೆಡಿ ಅಂತ," ಎಂದಳು ಸೊಸೆ. ನಡುವೆ ಇರುವುದು ಒಂದು ಪರದೆ ಅಕ್ಕಾ, ಬಾಗಿಲೂ ಅಲ್ಲ. ಅಂಗಡಿಯಲ್ಲೂ ಅದೇ ಕಥೆ. ಹಿಂದೆಲ್ಲ ಗಿರಾಕಿಗಳ ಎದೆಯ ಸುತ್ತಳತೆ ತೆಗೆಯುವಷ್ಟರಲ್ಲಿ ಅವರ ಅತ್ತೆಯ ಸುದ್ದಿ ಮುಗಿದು ನಾದಿನಿಯ ಸುದ್ದಿ ಶುರುವಾಗಿರುತ್ತಿತ್ತು. ಈಗ ಕೈ ಚಾಚಿ ಅಂದರೆ ಒಂದೇ ಕೈ ಚಾಚುತ್ತಾರೆ, ಇನ್ನೊಂದರಲ್ಲಿ ಫೋನು. ಒಬ್ಬ ಹುಡುಗಿ ಹಸಿರು ಗೌನು ಹೊಲಿಸಿದಳು. ಹಾಕಿಕೊಂಡು ಕನ್ನಡಿ ಮುಂದೆ ತಿರುಗಿ ತಿರುಗಿ ನಕ್ಕಳು. ಫೋಟೋ ತೆಗೆದು ಎಲ್ಲಿಗೋ ಹಾಕಿದಳು, ಕುರ್ಚಿಯಲ್ಲಿ ಕೂತು ಕಾದಳು. ಮುಖ ಬಾಡುತ್ತ ಬಂತು. "ಯಾರೂ ಲೈಕ್ ಮಾಡ್ತಿಲ್ಲ ಅಜ್ಜಿ. ತೋಳು ಬಿಚ್ಚಿಬಿಡಿ." ನಿನಗೆ ಇಷ್ಟವಾಗಿತ್ತಲ್ಲೇ ಅಂದೆ. "ಆಗಿತ್ತು," ಅಂದಳು. ಬಿಚ್ಚಿದೆ.

ಹೀಗೆಲ್ಲ ದೂರುವ ನಾನೂ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುವವಳು, ನಿನ್ನ ಹೂವಿಗಾಗಿ. ಬೆಳಿಗ್ಗೆ ನಿನ್ನಿಂದ ಒಂದು ಹೂವಿನ ಫೋಟೋ ಬರಬೇಕು, ನನ್ನಿಂದ ಒಂದು ಹೋಗಬೇಕು. ಅಕ್ಕ ಎದ್ದಿದ್ದಾಳೆ ಎಂದು ಗೊತ್ತಾದ ಮೇಲೇ ನಾನು ಒಲೆ ಹಚ್ಚುವುದು. ಹಾಗೆ ಹಾಗೆ ಮಾತು ನಿಂತೇ ಹೋಯಿತು. ಹೂವು ಬಂತಲ್ಲ, ಇನ್ನು ಮಾತೇಕೆ ಅನಿಸುತ್ತಿತ್ತು.

ನಿನಗೆ ಗೊತ್ತಿಲ್ಲ, ನನ್ನ ಕಣ್ಣಿನ ಆಪರೇಷನ್ ಆಯಿತು. ಫೋನು ನೋಡಬಾರದೆಂದು ಡಾಕ್ಟರು ಹೇಳಿದ್ದರಿಂದ ಅದು ಸೊಸೆಯ ಕೈಯಲ್ಲಿತ್ತು. ಕಟ್ಟು ಬಿಚ್ಚಿದ ಮೇಲೆ ಮೊದಲು ಕೇಳಿದ್ದು ನಿನ್ನ ಬಗ್ಗೆಯೇ. ಅಕ್ಕ ಗಾಬರಿಯಾದಳೇನೇ ಅಂದೆ. "ಅಯ್ಯೋ, ಅವರಿಗೆ ಹೇಳೇ ಇಲ್ಲ ಅತ್ತೆ. ನಿಮ್ಮ ಹೆಸರಲ್ಲಿ ದಿನಾ ನಾನೇ ಹೂವು ಹಾಕ್ತಿದ್ದೆ. ಅವರಿಗೆ ಒಂಚೂರೂ ಗೊತ್ತಾಗಿಲ್ಲ!" ಪಾಪ, ಹೊಗಳಲಿ ಎಂದು ಕಾದು ನಿಂತಿದ್ದಳು. ಹೊಗಳಿದೆ. ಆದರೆ ಅಕ್ಕಾ, ನಾನು ಕಣ್ಣು ಕಟ್ಟಿಸಿಕೊಂಡು ಮಲಗಿದ್ದರೂ ನಿನಗೆ ತಿಳಿಯಲೇ ಇಲ್ಲವೇ? ಗೋಡೆಯ ಈಚೆ ನಾನು ಸೂಜಿ ಚುಚ್ಚಿಕೊಂಡರೆ ಆಚೆಯಿಂದ "ಯಾವ ಬೆರಳೇ?" ಎನ್ನುತ್ತಿದ್ದ ನಿನಗೆ?

ಆಮೇಲೆ ನಿನ್ನ ಹೂವುಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ನೋಡಿದೆ. ಮೊದಲಿನವೆಲ್ಲ ನಿನ್ನ ಕುಂಡದವೇ, ಮೂಲೆಯಲ್ಲಿ ನಿನ್ನ ಹೆಬ್ಬೆರಳು ಅಡ್ಡ ಬಂದಿರುತ್ತಿತ್ತು. ಹೆಬ್ಬೆರಳಿಗೂ ಶುಭೋದಯ ಎಂದು ನಾನು ಗೇಲಿ ಮಾಡಿದ್ದುಂಟು. ಚಳಿ ಶುರುವಾದಂದಿನಿಂದ ಒಂದರಲ್ಲೂ ಬೆರಳಿಲ್ಲ. ಬರೀ ಮಿನುಗುವ ಹೂವು, ಚಿನ್ನದ ಬಣ್ಣದ ಅಕ್ಷರ. ಅಂದರೆ ನಾನು ಹಾಸಿಗೆ ಹಿಡಿದಿದ್ದಾಗ ನನ್ನ ಸೊಸೆ ನಿನ್ನ ಮಗಳಿಗೆ, ನಿನ್ನ ಮಗಳು ನನ್ನ ಸೊಸೆಗೆ ಹೂವು ಕಳಿಸುತ್ತಿದ್ದರು. ನಾವಿಬ್ಬರೂ ಅದರಲ್ಲಿ ಇರಲೇ ಇಲ್ಲ.

ಫೋನು ಮಾಡಿದೆ. "ಅಮ್ಮ ಮಲಗಿದ್ದಾಳೆ ಚಿಕ್ಕಮ್ಮ, ಚೆನ್ನಾಗಿದ್ದಾಳೆ. ಬೆಳಿಗ್ಗೆ ಮೆಸೇಜ್ ಬಂತಲ್ಲ?" ಎಂದಳು ನಿನ್ನ ಮಗಳು. ಮತ್ತೆ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದೀಯಂತೆ. ಆಮೇಲೆ ನನ್ನ ಬಾಯಿ ಮುಚ್ಚಿಸಲೆಂಬಂತೆ ಕುಟುಂಬದ ಗ್ರೂಪಿನಲ್ಲಿ ನಿನ್ನ ಫೋಟೋ ಬಂತು. ಕಿಟಕಿಯ ಪಕ್ಕ ಬೂದು ಸ್ವೆಟರು ಹಾಕಿ ಕೂತಿದ್ದೀಯೆ. ಎಲ್ಲರೂ ಕೆಂಪು ಹೃದಯ ಹಾಕಿದರು, "ಎಷ್ಟು ಲಕ್ಷಣವಾಗಿದ್ದಾರೆ" ಎಂದರು. ನಾನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮೇಲಿನ ಗುಂಡಿ ಎರಡನೆಯ ಕಾಜಕ್ಕೆ ಸೇರಿತ್ತು, ಕೆಳಗಿನವೆಲ್ಲ ಹಾಗೇ ಒಂದೊಂದು ತಪ್ಪುತ್ತ ಹೋಗಿದ್ದವು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಗುಂಡಿ ಸರಿಮಾಡಿ ಕಳಿಸುತ್ತಿದ್ದವಳು ನೀನು. ಆ ಸ್ವೆಟರಿನಲ್ಲಿ ಕೂತು ಕ್ಯಾಮೆರಾದ ಆಚೆ ಏನನ್ನೋ ನೋಡುತ್ತಿದ್ದೀಯೆ. ಅಕ್ಕಾ, ನೀನು ಅಲ್ಲಿದ್ದೀಯಾ? ನನ್ನ ನೆನಪಿದೆಯಾ?

ಬರೋಣವೆಂದರೆ ಡಾಕ್ಟರು ಸದ್ಯಕ್ಕೆ ಪ್ರಯಾಣ ಬೇಡ ಎಂದಿದ್ದಾರೆ. ಅದಕ್ಕೇ ಕಾಗದದ ಜೊತೆ ಈ ಬಟ್ಟೆಯ ತುಂಡು. ನಾವು ಹೊಲಿಗೆ ಕಲಿತ ಮಾಸ್ತರರ ಅಂಗಡಿಯಲ್ಲಿ ಒಂದೇ ಅಂಗಿಯನ್ನು ಇಬ್ಬರ ತೊಡೆಯ ಮೇಲೂ ಹಾಸಿಕೊಂಡು, ನಾನು ಕುತ್ತಿಗೆಯಿಂದ ಕೆಳಕ್ಕೆ, ನೀನು ಅಂಚಿನಿಂದ ಮೇಲಕ್ಕೆ ಕಾಜ ಹೊಲಿಯುತ್ತ ಬರುತ್ತಿದ್ದೆವು. ನಡುವಿನ ಕಾಜಕ್ಕೆ ಇಬ್ಬರೂ ಒಟ್ಟಿಗೆ ಬಂದು ಮುಟ್ಟಿದರೆ ಒಂದು ದಡ ನನ್ನದು, ಇನ್ನೊಂದು ದಡ ನಿನ್ನದು. ನೀನು ಎಡಚಿ, ನಿನ್ನ ಹೊಲಿಗೆ ಆಚೆ ವಾಲುತ್ತಿತ್ತು, ನನ್ನದು ಈಚೆ. "ಇದೇನು ಕಾಜಾನೋ, ಜಗಳ ಆಡ್ಕೊಂಡು ಮುಖ ತಿರುಗಿಸಿರೋ ಗಂಡ ಹೆಂಡ್ತೀನೋ?" ಎಂದು ಮಾಸ್ತರರು ರೇಗುತ್ತಿದ್ದರು. ನಾವು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆವು. ಈ ತುಂಡಿನಲ್ಲಿ ನನ್ನ ದಡ ಹೊಲಿದಿದ್ದೇನೆ. ಹೊಸ ಕಣ್ಣಿಗೆ ಇನ್ನೂ ಸೂಜಿ ಎರಡೆರಡಾಗಿ ಕಾಣುತ್ತದೆ, ಅದಕ್ಕೇ ಅಂಕುಡೊಂಕು. ನಿನ್ನ ದಡ ಖಾಲಿ ಬಿಟ್ಟಿದ್ದೇನೆ. ಸೂಜಿಗೆ ದಾರ ಪೋಣಿಸಿಯೇ ಚುಚ್ಚಿಟ್ಟಿದ್ದೇನೆ, ನಿನಗೆ ಆ ತಾಪತ್ರಯ ಬೇಡ.

ಇವತ್ತು ಬೆಳಿಗ್ಗೆಯೂ ಒಂದು ಹೂವು ಬಂತು. ನಾನು ಉತ್ತರ ಹಾಕಲಿಲ್ಲ. ಬಿಸಿಲು ಬರುವ ಕಡೆ ಕೂರು, ಕಾಲಿಗೆ ಏನಾದರೂ ಹೊದ್ದುಕೋ. ಮನೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು.

ಎಂದೆಂದಿಗೂ ನಿನ್ನ,
ಗುಬ್ಬಿ

ತಾ.ಕ.: ಅಂಚೆಗೆ ಹೊತ್ತಾಯಿತು, ಎರಡೇ ಮಾತು. ಇದನ್ನು ಅಕ್ಕನಿಗೆ ಓದಿ ಹೇಳುತ್ತಿರುವ ಮಗಳೇ, ಇದು ನಿನಗೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನಗೂ ಹೇಳಿಕೊಳ್ಳಲು ಯಾರೂ ಸಿಕ್ಕಿರಲಿಕ್ಕಿಲ್ಲ. ಬಟ್ಟೆಯನ್ನು ಅವಳ ಎಡಗೈಗೆ ಕೊಟ್ಟು ಪಕ್ಕದಲ್ಲಿ ಕೂತಿರು. ಏನೂ ಹೇಳಿಕೊಡಬೇಡ. ಹೊಲಿದರೆ ಹೊಲಿಯಲಿ. ಸುಮ್ಮನೆ ಹಿಡಿದುಕೊಂಡೇ ಇದ್ದರೆ ಹಾಗೇ ಮಡಿಸಿ ವಾಪಸು ಕಳಿಸು, ಖಾಲಿ ಬಂದರೂ ನನಗೆ ಅರ್ಥವಾಗುತ್ತದೆ. ಅವಳ ದಡವನ್ನು ಮಾತ್ರ ನೀನು ಹೊಲಿಯಬೇಡ ತಾಯಿ.