ಎದೆಗೆ ಕಟ್ಟಿದ ಮಲ್ಲಿಗೆ

ತುಮಕೂರು
ಮೇ ೧೨, ೨೦೨೫, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಿಲ್ಲ ತಾನೆ? ಆಪರೇಷನ್ ಆದ ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂಬ ಖುಷಿಯಲ್ಲಿ ನೀನು ಟೆರೇಸಿನ ಮೇಲೆ ಸಂಡಿಗೆ ಕಾಯುತ್ತಾ ಕುಳಿತಿರುತ್ತೀಯ, ನನಗೆ ಗೊತ್ತು. ಗುಬ್ಬಿಯಲ್ಲಿ ಈ ಸಲ ಇಲ್ಲಿಗಿಂತ ಬಿಸಿಲು ಜಾಸ್ತಿ ಎಂದು ಅಣ್ಣ ಹೇಳಿದ. ಡಾಕ್ಟರು ಕೊಟ್ಟ ಕಪ್ಪು ಕನ್ನಡಕವನ್ನು ಅಲ್ಮೆರಾದಲ್ಲಿ ಇಡದೆ ಹಾಕಿಕೋ. ಬಿ.ಪಿ. ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ ಎಂದು ಅತ್ತಿಗೆಯ ಜೊತೆ ಜಗಳ ಮಾಡಬೇಡ, ಮುಂಚೆ. ಮಂಡಿಗೆ ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯಾ?

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಿರಬಹುದು. ನಿನ್ನ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದಮ್ಮ. ನಿನ್ನ ಹತ್ತಿರ ಮಾತಾಡಿದರೆ ಅತ್ತಿಗೆಗೆ, ಮಕ್ಕಳಿಗೆ, ಸೊಪ್ಪು ಮಾರಲು ಬಂದವಳಿಗೆ ಎಲ್ಲರಿಗೂ ಕೇಳಿಸುತ್ತದೆ. ಶುಕ್ರವಾರದಿಂದ ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಉಪ್ಪಿನಕಾಯಿಗೆ ಯಾವ ಮಾವಿನಕಾಯಿ ಒಳ್ಳೆಯದು ಎಂದು ಕೇಳಿ ಇಟ್ಟುಬಿಟ್ಟೆ. ನಾನು ಕೇಳಬೇಕಾಗಿದ್ದದ್ದು ಅದಲ್ಲ. ಕಾಗದದಲ್ಲಾದರೆ ಒಂದು ಮಾತು ಒರಟಾಗಿ ಬಂದರೆ ಹೊಡೆದುಹಾಕಿ ಇನ್ನೊಮ್ಮೆ ಬರೆಯಬಹುದು. ಇದನ್ನು ನೀನೊಬ್ಬಳೇ ಓದು. ಕನ್ನಡಕ ಸಿಗಲಿಲ್ಲ ಎಂದು ಮೊಮ್ಮಗನ ಕೈಗೆ ಕೊಟ್ಟು ಓದಿಸಬೇಡ.

ಮೊದಲು ನೀಲುವಿನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಿನದನ್ನು ಸಮಾಧಾನವಾಗಿ ಓದುವುದಿಲ್ಲ. ಈಗ ಅವಳು ಚೆನ್ನಾಗಿದ್ದಾಳೆ. ಫ್ಯಾನ್ ನೋಡಿದರೆ ನಗುತ್ತಾಳೆ, ಅವರಪ್ಪ ಸಂಗಮೇಶ್ ಅವರ ಮೀಸೆ ನೋಡಿದರೆ ತುಟಿ ಉಬ್ಬಿಸುತ್ತಾಳೆ. ನೀನು ನಿನ್ನ ಹಳೆಯ ಸೀರೆಗಳಲ್ಲಿ ಹೊಲಿದುಕೊಟ್ಟ ಕೌದಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಾಳೆ. ಆ ಚೀಪುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಅದು ಹಸಿವಿರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಹೋದ ವಾರ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದಾಗ ಡಾಕ್ಟರು ಅವಳನ್ನು ತಕ್ಕಡಿಯ ಮೇಲೆ ಮಲಗಿಸಿದರು. ಎತ್ತಿ, ತಕ್ಕಡಿಯನ್ನು ಒರೆಸಿ ಮತ್ತೆ ಮಲಗಿಸಿದರು. ಹಿಂದಿನ ಸಲ ಬಂದಾಗಿನಿಂದ ತೂಕ ಏರಿಯೇ ಇಲ್ಲ ಎಂದರು. ರಾತ್ರಿ ಎಷ್ಟು ಸಲ ಹಾಲು ಕುಡಿಯುತ್ತಾಳೆ ಎಂದು ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆನಮ್ಮ. ರಾತ್ರಿ ಎದ್ದೇಳುವುದೇ ಇಲ್ಲ ಡಾಕ್ಟರ್, ಬೆಳಕು ಹರಿಯುವ ತನಕ ಮಲಗುತ್ತಾಳೆ, ಅಷ್ಟು ಒಳ್ಳೆಯ ಮಗು ಎಂದೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಬಿಡಿಸಿ ಹೇಳಿದರು. ಎದೆಯಿಂದ ಹಾಲು ಖಾಲಿಯಾದರೆ ಮಾತ್ರ ಮತ್ತೆ ತುಂಬುತ್ತದಂತೆ. ರಾತ್ರಿಯಿಡೀ ಯಾರೂ ಕುಡಿಯದೆ, ಹಿಂಡಿಯೂ ತೆಗೆಯದೆ ಬಿಟ್ಟರೆ, ಈ ಮನೆಗೆ ಇಷ್ಟು ಹಾಲು ಬೇಡ ಎಂದು ಮೈ ತಾನೇ ತೀರ್ಮಾನ ಮಾಡುತ್ತದಂತೆ. ಹಾಲು ಕಡಿಮೆಯಾದ ಮೇಲೆ ಮಗುವಿಗೆ ಶಕ್ತಿ ಸಾಲದೆ ಇನ್ನೂ ಹೆಚ್ಚು ಮಲಗುತ್ತದೆ, ಅದು ಮಲಗಿದಷ್ಟೂ ಹಾಲು ಇನ್ನೂ ಇಳಿಯುತ್ತದೆ. ಚೆನ್ನಾಗಿ ತೂಕ ಏರುತ್ತಿರುವ ಮಗು ರಾತ್ರಿ ಮಲಗಿದರೆ ಹೆದರಬೇಕಾಗಿಲ್ಲ, ಇವಳ ವಿಷಯ ಹಾಗಲ್ಲ ಎಂದರು. ಹಸಿದ ಮಗು ಅಳುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಹಸಿದು ಸೋತ ಮಗು ಸುಮ್ಮನೆ ಮಲಗುತ್ತದೆ ಎಂದು ನಲವತ್ತು ದಾಟಿದ ನನಗೆ, ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಪಾಠ ಹೇಳಿದ ನನಗೆ, ಗೊತ್ತಿರಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅವಳು ತೊಡೆಯ ಮೇಲೆ ಮಲಗಿದ್ದಳು. ಆ ನಿದ್ದೆಯನ್ನು ನೋಡಲು ನನಗೆ ಭಯವಾಯಿತು. ಬಿ.ಎಚ್. ರಸ್ತೆಯ ಉದ್ದಕ್ಕೂ ಅವಳ ಕಾಲಿನ ಬೆರಳನ್ನು ಹಿಸುಕುತ್ತಾ ಬಂದೆ.

ಮಲಗಿದ ಮಗೂನ ಎಬ್ಬಿಸಬಾರ್ದು ಕಣೇ, ಎಬ್ಬಿಸಿದ್ರೆ ಪಾಪ ಸುತ್ಕೊಳ್ಳುತ್ತೆ ಎಂದು ನೀನು ಹೇಳುತ್ತಿದ್ದದ್ದು ಆಗ ನೆನಪಾಯಿತು. ಆದರೂ ನಿನ್ನ ಮೇಲೆ ಕೋಪ ಬರಲಿಲ್ಲ. ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದು ಎಂದುಕೊಂಡೆ. ಬೆಳಿಗ್ಗೆ ಎದ್ದಾಗ ನನ್ನ ಎದೆ ಕಲ್ಲಾಗಿರುತ್ತಿತ್ತಲ್ಲ, ರವಿಕೆ ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತಲ್ಲ, ಅದು ಹಾಲು ಕುಡಿಯುವವಳಿಗಾಗಿ ಕಾದ ನೋವು ಎಂದು ಈಗ ಅರ್ಥವಾಗುತ್ತದೆ. ಆ ನೋವಿಗೆ ನೀನು ಮಲ್ಲಿಗೆ ಕಟ್ಟಿದೆ. ನಾರಿನಲ್ಲಿ ಒತ್ತಾಗಿ ಮಾಲೆ ಕಟ್ಟಿ, ಎರಡು ಕಡೆಗೂ ಸುತ್ತಿ, ಮೇಲೆ ನಿನ್ನ ಕೈಯಾರೆ ರವಿಕೆ ಹಾಕಿದೆ. ಹೂವು ತಂಪು ಕಣೇ, ನೋವು ಇಳಿಯುತ್ತೆ ಎಂದೆ. ನಿಜವಾಗಿಯೂ ಇಳಿಯಿತು. ಬಸವ ಜಯಂತಿಯ ಮಾರನೆಯ ದಿನ ನೀನು ಗುಬ್ಬಿಗೆ ಹೊರಟಾಗಲೂ, ನಾನಿಲ್ಲ ಅಂತ ಬಿಟ್ಬಿಡಬೇಡ ಎಂದು ಹೂವಿನವಳಿಗೆ ದಿನವೂ ಬಾಗಿಲಿಗೆ ಹಾಕಲು ಹೇಳಿ ಹೋದೆ. ನಾನು ಬಿಡಲಿಲ್ಲ. ಡಾಕ್ಟರು ಇನ್ನೇನಾದರೂ ಮಾಡುತ್ತಿದ್ದೀರಾ ಎಂದು ಕೇಳಿದಾಗ ಆ ಹೂವನ್ನು ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಅಮ್ಮ ಕಟ್ಟಿದ ಹೂವನ್ನು ಯಾರಾದರೂ ಔಷಧಿಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಶುಕ್ರವಾರ ಅತ್ತೆ ಬಂದರು. ಮೊಮ್ಮಗಳ ತೂಕದ ವಿಷಯ ಕೇಳಿ ತಡೆಯಲಾರದೆ, ಮಾವನವರಿಗೆ ಅಡುಗೆ ಮಾಡಿಟ್ಟು, ಕುಣಿಗಲ್‌ನಿಂದ ಮೊದಲ ಬಸ್ಸಿಗೆ ಬಂದಿದ್ದರು. ಬ್ಯಾಗಿನ ತುಂಬ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ಕರಿಬಸಮ್ಮ ಬಂದರೆ ಮನೆಯ ಪಾತ್ರೆಗಳೂ ಎದ್ದು ನಿಲ್ಲುತ್ತವೆ ಎಂದು ನೀನು ಗೇಲಿ ಮಾಡುತ್ತೀಯಲ್ಲ, ಹಾಗೆಯೇ ಬಂದರು. ನಾನು ನೀಲುವಿಗೆ ಹಾಲು ಕೊಡಲು ಕುಳಿತು ಸೆರಗು ಸರಿಸಿದಾಗ ಬಾಡಿದ ಎರಡು ಹೂವು ಮಗುವಿನ ಕೆನ್ನೆಯ ಮೇಲೆ ಬಿದ್ದವು. ಅತ್ತೆ ಅದನ್ನು ನೋಡಿದರು. ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟರು. ‘ಯಾರ್ ಸತ್ರು ಅಂತ ಎದೆಗೆ ಹೂ ಕಟ್ಕೊಂಡಿದ್ದೀಯೇ?’ ಎಂದರು. ನನಗೆ ಅರ್ಥವಾಗಲಿಲ್ಲ, ಅವರ ಮುಖವನ್ನೇ ನೋಡಿದೆ. ‘ಮಗ ಹೋದೋರ್ ಮನೇಲಿ ಹಾಲು ಬತ್ತಿಸೋಕೆ ಕಟ್ತಾರೆ ಕಣೇ ಇದ್ನ! ಹಸುಗೂಸು ತೊಡೆ ಮೇಲಿಟ್ಕೊಂಡು...’ ಎಂದವರು ತಮ್ಮ ಬಾಯಿಗೆ ತಾವೇ ಹೊಡೆದುಕೊಂಡು, ‘ಬುಡ್ತು ಅನ್ನು, ಬುಡ್ತು ಅನ್ನು’ ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. ನಾನು ಬಿಡ್ತು ಎಂದೆ. ಎಷ್ಟು ಸಲ ಎಂದೆನೋ ತಿಳಿಯದು.

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಅತ್ತೆಯಲ್ಲ, ನಮ್ಮ ಹೊಂಬಾಳಮ್ಮ ಚಿಕ್ಕಮ್ಮ. ನಾನು ಆಗ ನಾಲ್ಕನೆಯ ಕ್ಲಾಸು. ಚಿಕ್ಕಮ್ಮನ ಮಗು ಹುಟ್ಟಿದ ವಾರಕ್ಕೇ ಹೋಗಿತ್ತು. ನೀನು ಪಕ್ಕದ ಮನೆಯ ಚಪ್ಪರದಿಂದ ಮಡಿಲು ತುಂಬ ಮೊಗ್ಗು ಬಿಡಿಸಿ ತಂದೆ. ಬಾಳೆನಾರಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡ್ಕೋ ಪಲ್ಲೂ ಎಂದೆ. ನಾನು ಹಿಡಿದುಕೊಂಡೆ. ಅಷ್ಟೊಂದು ಹೂವು ತಂದರೂ ಚಿಕ್ಕಮ್ಮ ಯಾಕೆ ಮುಡಿಯುವುದಿಲ್ಲ, ಯಾಕೆ ಗೋಡೆಯ ಕಡೆ ತಿರುಗಿ ಅಳುತ್ತಾಳೆ ಎಂದು ಕೇಳಿದ್ದಕ್ಕೆ, ಅವಳ ಎದೆ ಭಾರ ಆಗಿದೆ ಮಗಾ, ಹೂವು ಇಳಿಸುತ್ತೆ ಎಂದಿದ್ದೆ. ಇಷ್ಟು ವರ್ಷ ನಾನು ಅದನ್ನು ದುಃಖದ ಮಾತು ಎಂದುಕೊಂಡಿದ್ದೆ.

ಅಂದರೆ ನಿನಗೆ ಗೊತ್ತಿತ್ತು. ಈ ಸಾಲನ್ನು ಬರೆಯಲು ನನಗೆ ಮೂರು ದಿನ ಬೇಕಾಯಿತು ಅಮ್ಮ. ಶುಕ್ರವಾರ ಮಧ್ಯಾಹ್ನ ನೀಲುವಿನ ಲಂಗೋಟಿಗಳನ್ನು ಒಗೆದು, ಒಣಗಿಸದೆ ಮತ್ತೆ ಅವನ್ನೇ ಒಗೆಯುತ್ತಿದ್ದೆನಂತೆ, ಅತ್ತೆ ಬಂದು ಕೈಯಿಂದ ಕಿತ್ತುಕೊಂಡರು. ಯಾರು ಕಟ್ಟಿದ್ದು, ನಿಮ್ಮಮ್ಮನಾ ಎಂದು ಕೇಳಿದರು. ನಾನೇ ಕಟ್ಟಿಕೊಂಡೆ, ನೋವಿಗೆ ಒಳ್ಳೆಯದು ಎಂದು ಗೂಗಲ್‌ನಲ್ಲಿ ಇತ್ತು ಎಂದುಬಿಟ್ಟೆ. ‘ಆ ಗೂಗಲ್ಲು ಎಷ್ಟು ಹೆತ್ತೈತಂತೆ?’ ಎಂದರು. ಈಗ ಬಂದವರಿಗೆಲ್ಲ ನನ್ನ ಇಂಗ್ಲಿಷ್ ಓದಿನ ಕಥೆ ಹೇಳುತ್ತಿದ್ದಾರೆ. ಹೇಳಲಿ. ನಿನ್ನ ಹೆಸರು ಬರಲಿಲ್ಲ, ಬರುವುದೂ ಇಲ್ಲ. ಸಂಗಮೇಶ್‌ಗೂ ಹೇಳಿಲ್ಲ. ಯಾಕೆ ಮುಚ್ಚಿದೆ ಎಂದು ನನ್ನನ್ನೇ ಕೇಳಿಕೊಂಡೆ. ನಿನ್ನ ಮರ್ಯಾದೆಗಾಗಿಯೋ, ಅಥವಾ ಜೋರಾಗಿ ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯಕ್ಕೋ, ಇನ್ನೂ ಗೊತ್ತಾಗಿಲ್ಲ.

ಶನಿವಾರ ಡಾಕ್ಟರಿಗೆ ಫೋನ್ ಮಾಡಿ ಹೂವಿನ ವಿಷಯ ಹೇಳಿದೆ. ಮಲ್ಲಿಗೆಯಿಂದ ಎಷ್ಟು, ರಾತ್ರಿಯ ನಿದ್ದೆಯಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದು, ಹೂವು ತೆಗೆದುಹಾಕಿ, ಎರಡಕ್ಕೂ ಮದ್ದು ಒಂದೇ ಎಂದರು. ನಾನು ಮಲಗುವ ಮುಂಚೆ ಒಮ್ಮೆ ಅವಳನ್ನು ಎತ್ತಿ ಕುಡಿಸಬೇಕು, ನಡುರಾತ್ರಿ ಒಮ್ಮೆ ಎಬ್ಬಿಸಬೇಕು. ಎಷ್ಟು ಮಾಡಿದರೂ ಏಳದಿದ್ದರೆ ಹಿಂಡಿ ತೆಗೆದಿಡಬೇಕು. ಹಗಲು ಅವಳು ಕೇಳುವ ಮೊದಲೇ ಎದೆಗೆ ಹಾಕಿಕೊಳ್ಳಬೇಕು, ಮೈಗೆ ಮೈ ತಾಗಿಸಿ ಮಲಗಿಸಿಕೊಳ್ಳಬೇಕು. ಹಾಲು ಪೂರ್ತಿ ಬತ್ತಿಲ್ಲ, ಕರೆದರೆ ಬರುತ್ತದೆ ಎಂದರು. ವಾರಕ್ಕೊಮ್ಮೆ ತೂಕ ನೋಡೋಣ, ಏರದಿದ್ದರೆ ಡಬ್ಬಿ ಹಾಲನ್ನೂ ಸೇರಿಸೋಣ, ಅದೇನು ಅವಮಾನವಲ್ಲ ಎಂದರು. ಅತ್ತೆ ಒದ್ದೆ ಬಟ್ಟೆಯಲ್ಲಿ ನೀಲುವಿನ ಅಂಗಾಲು ಒರೆಸಿ, ‘ಏನ್ಲೇ ಕುಂಭಕರ್ಣನ್ ತಂಗಿ, ಏಳೇ’ ಎಂದು ಎಬ್ಬಿಸುತ್ತಾರೆ. ನಿನ್ನೆ ಬೆಳಿಗ್ಗೆ ಅವಳು ಕುಡಿಯುವಾಗ ಗಂಟಲಿನಿಂದ ಗುಟುಕಿನ ಶಬ್ದ ಬಂತು. ಆ ಶಬ್ದ ಇಷ್ಟು ದಿನ ಇರಲಿಲ್ಲ ಎಂಬುದು ಅದು ಬಂದಾಗಲೇ ತಿಳಿದದ್ದು.

ನನ್ನಮ್ಮ ಯಾಕೆ ಹೀಗೆ ಮಾಡಿದಳು ಎಂದು ಕೇಳಲು ಈ ಕಾಗದ ಶುರು ಮಾಡಿದೆ. ಬರೆಯುತ್ತಾ ಬರೆಯುತ್ತಾ ಉತ್ತರ ನನಗೇ ಗೊತ್ತಿದೆ ಅನ್ನಿಸುತ್ತಿದೆ. ಹೆರಿಗೆಯ ದಿನ ನನಗೆ ರಕ್ತ ನಿಲ್ಲದೆ ಹೋದಾಗ ನೀನು ಬಾಗಿಲ ಹೊರಗೆ ನಿಂತಿದ್ದೆ. ನಾನು ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದಾಗ ಎತ್ತಿದವಳೂ ನೀನೇ. ಈ ಕೂಸು ನಿನ್ನ ಮೂಳೆಯನ್ನೇ ಹೀರ್ತಾ ಇದೆ ಎಂದು ಹೇಳುತ್ತಿದ್ದೆ, ನಾನು ನಕ್ಕೆ. ಒಂದು ದಿನ ನಾನು ಊಟ ಬಿಟ್ಟು ನೀಲುವನ್ನು ಎತ್ತಿಕೊಳ್ಳಲು ಓಡಿದಾಗ ನನ್ನ ಕೈ ಹಿಡಿದು ಕೂರಿಸಿ, ‘ನಿನ್ ಮಗಳು ನಿಂಗೆ, ನನ್ ಮಗಳು ನಂಗೆ ಕಣೇ’ ಎಂದೆ. ಅದನ್ನೂ ಮುದ್ದಿನ ಮಾತು ಎಂದುಕೊಂಡೆ. ನೀನು ನಿನ್ನ ಮಗಳನ್ನು ಆರಿಸಿಕೊಂಡಿದ್ದೆ. ನನ್ನ ಮಗಳನ್ನು ಪಕ್ಕಕ್ಕಿಟ್ಟು. ಅದು ನೆನಪಾದಾಗಲೆಲ್ಲ ಹೋಗಿ ನೀಲುವನ್ನು ಎತ್ತಿಕೊಳ್ಳುತ್ತೇನೆ. ಆಮೇಲೆ, ನಾಳೆ ನೀಲು ನನ್ನ ಕಣ್ಣ ಮುಂದೆ ಹಾಗೆ ಬಿದ್ದರೆ ನಾನು ಏನು ಮಾಡುತ್ತೇನೆ ಎಂದು ಕೇಳಿಕೊಳ್ಳುತ್ತೇನೆ. ಹೀಗೆ ಮಾಡುವುದಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ.

ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿದಂತಾಗುತ್ತದೆ. ಆ ರಾತ್ರಿಗಳಲ್ಲಿ ನಾನು ಹೇಗೆ ಮಲಗಿದೆ ಗೊತ್ತಾ? ಹೆರಿಗೆಯಾದ ಮೇಲೆ ಮೊದಲ ಬಾರಿಗೆ ಕನಸು ಬಿತ್ತು. ಆ ನಿದ್ದೆ ನನಗೆ ಬೇಕಾಗಿತ್ತು. ಹಾಲು ಇಳಿಯುತ್ತಿದೆ ಎಂದು ಮೈ ಹೇಳುತ್ತಿದ್ದರೂ ಕೇಳಿಸಿಕೊಳ್ಳದಿದ್ದದ್ದು ಆ ನಿದ್ದೆಯ ಆಸೆಗೇ ಇರಬಹುದು.

ನಿನ್ನ ಮೇಲೆ ಕೋಪವಿದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಕೋಪ ಬಂದಾಗ ಮೊದಲು ನೆನಪಾಗುವುದು, ಇದನ್ನು ಅಮ್ಮನಿಗೆ ಹೇಳಬೇಕು ಅಂತ. ಏನು ಮಾಡಲಿ?

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ ತಿಳಿಸು. ಮಕ್ಕಳಿಗೆ ಮುತ್ತು. ಹೊಂಬಾಳಮ್ಮ ಚಿಕ್ಕಮ್ಮನನ್ನು ಕಂಡರೆ ನಾನು ಕೇಳಿದೆ ಎಂದು ಹೇಳು, ಸುಮ್ಮನೆ ಕೇಳಿದೆ ಎಂದಷ್ಟೇ ಹೇಳು. ನಿನ್ನ ಕಾಲಿಗೆ ನನ್ನ ನಮಸ್ಕಾರ, ನೀಲುವಿನ ತಲೆಗೆ ನಿನ್ನ ಕೈ ಇರಲಿ.

ನಿನ್ನ ಮಗಳು,
ಪಲ್ಲವಿ

ತಾ.ಕ.: ಸಂಗಮೇಶ್ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಡ್ಯೂಟಿಗೆ ಹೊರಟು ಬಾಗಿಲಲ್ಲಿ ಗಾಡಿ ಸ್ಟಾರ್ಟ್ ಮಾಡಿದ್ದಾರೆ, ಕವರ್ ಅಂಟಿಸುವ ಮೊದಲು ಬರೆದುಬಿಡುತ್ತೇನೆ. ಭಾನುವಾರ ಅತ್ತೆ ಕುಣಿಗಲ್‌ಗೆ ವಾಪಸ್ಸು ಹೋಗುತ್ತಾರೆ, ಆಮೇಲೆ ಇವರಿಗೆ ನೈಟ್ ಶಿಫ್ಟು. ಅಲಾರಂ ಹೊಡೆದರೆ ನಾನು ಆರಿಸಿ ಮಲಗಿಬಿಡುತ್ತೇನೆ, ಎರಡು ಸಲ ಹಾಗೇ ಆಯಿತು. ನೀನು ಬಾ. ನನ್ನ ಪಕ್ಕದಲ್ಲಿ ಮಲಗು. ಎಷ್ಟು ಸುಸ್ತಾಗಿ ಮಲಗಿದ್ದರೂ, ನನ್ನ ಮುಖ ನೋಡಿ ನಿನಗೆ ಎಷ್ಟು ಅಯ್ಯೋ ಅನ್ನಿಸಿದರೂ, ನಡುರಾತ್ರಿ ನೀನೇ ನನ್ನನ್ನು ಎಬ್ಬಿಸಬೇಕು. ನಿನ್ನ ಮಗಳನ್ನು ಎಬ್ಬಿಸಿ ನನ್ನ ಮಗಳಿಗೆ ಹಾಲು ಕುಡಿಸಬೇಕು. ಆಗುತ್ತದೆ ಅನ್ನಿಸಿದರೆ ಮಾತ್ರ ಬಸ್ಸು ಹತ್ತು. ಹೂವಿನವಳಿಗೆ ನಾಳೆಯಿಂದ ಬೇಡ ಎಂದು ಹೇಳಿದ್ದೇನೆ.