ತೊಳೆದು ಚೆಲ್ಲುವ ಸದ್ದು

ಬೆಲ್ಲರೀವ್, ಹೋಬಾರ್ಟ್
ಅಕ್ಟೋಬರ್ ೧೭, ಶುಕ್ರವಾರ ಬೆಳಿಗ್ಗೆ

ಮುದ್ದು ನರೆಲ್,

ಹೇಗಿದ್ದೀಯೆ ಮಗಳೇ? ಹೋಗುವಾಗ ಇದ್ದ ಬೆರಳುಗಳೆಲ್ಲ ಈಗಲೂ ಇವೆಯಷ್ಟೆ? ಮಂಜಿನ ಖಂಡದಲ್ಲಿ ಹೆಪ್ಪುಗಟ್ಟಿದ ಕೊಳಾಯಿಗಳನ್ನು ಬೆಚ್ಚಗೆ ಮಾಡುವವಳು ತಾನೂ ಬೆಚ್ಚಗಿರಬೇಕು ಎಂದು ನಿನ್ನ ಮೇಲಧಿಕಾರಿ ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನಾನು ಹೆಣೆದುಕೊಟ್ಟ ಟೋಪಿಯನ್ನು ಯಾರಿಗೂ ದಾನ ಮಾಡಿಲ್ಲ ತಾನೆ? ನನ್ನ ಆರೋಗ್ಯ ನನ್ನ ವಯಸ್ಸಿಗೆ ಒಪ್ಪುವಂತಿದೆ. ಎಡಗಾಲಿನ ಮಂಡಿ ಮಳೆ ಬರುವುದನ್ನು ರೇಡಿಯೊಗಿಂತ ಮೊದಲೇ ಹೇಳುತ್ತದೆ. ಆದರೆ ರೇಡಿಯೊದವರಿಗೆ ಸಂಬಳ ಸಿಗುತ್ತದೆ, ನನಗೆ ಬರೀ ನೋವು. ಈ ವಾರವೆಲ್ಲ ಡರ್ವೆಂಟ್ ನದಿಯ ಮೇಲೆ ಬೆಳಗಿನ ಮಂಜು ಹಾಲಿನ ಕೆನೆಯಂತೆ ಕಟ್ಟುತ್ತಿದೆ. ಎದುರು ದಡದಲ್ಲಿ ಬೆಟ್ಟದ ತುದಿ ಮಾತ್ರ ತೇಲುತ್ತಿರುತ್ತದೆ, ಯಾರೋ ಬೆಟ್ಟವನ್ನು ಹೊತ್ತೊಯ್ಯಲು ಬಂದು ಭಾರವಾಯಿತೆಂದು ಅರ್ಧಕ್ಕೇ ಬಿಟ್ಟುಹೋದ ಹಾಗೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಫೋನಿಗಾಗಿ ಕಾದು ನಿಂತವರ ಬೂಟಿನ ಸದ್ದು ಕೇಳಿದ ಕೂಡಲೇ ನನ್ನ ಮಾತು ಓಡತೊಡಗುತ್ತದೆ, ಮುಖ್ಯವಾದದ್ದು ಹಿಂದೆ ಉಳಿದುಬಿಡುತ್ತದೆ. ನಿನ್ನನ್ನು ಕರೆತರಲು ಹೊರಡುವ ಹಡಗಿನ ಟಪ್ಪಾಲು ಚೀಲ ಇವತ್ತು ಸಂಜೆ ಮುಚ್ಚುತ್ತದಂತೆ. ಎಂದರೆ ಇದನ್ನು ನೀನು ಓದುವುದು ಮನೆಗೆ ಬರುವ ದಾರಿಯಲ್ಲಿ, ಸುತ್ತಲೂ ನೀರಿರುವಾಗ. ಅದೇ ಸರಿ.

ಸುದ್ದಿ ಇದು: ನಮ್ಮ ‘ಮೋಡದಾಚೆಯ ದೀಪಸ್ತಂಭ’ವನ್ನು ಅಮೆರಿಕದ ದೊಡ್ಡ ಸ್ಟುಡಿಯೊ ಒಂದು ಕೊಂಡುಕೊಂಡಿದೆ. ನಗಬೇಡ. ನಿನ್ನ ಹಡಗಿನಲ್ಲಿ ಈ ಧಾರಾವಾಹಿಯ ಹೆಸರನ್ನೇ ಕೇಳದ ಅನಾಗರಿಕರು ಇರಬಹುದು. ಅವರಿಗೆ ಓದಿ ಹೇಳಲು ಅನುಕೂಲವಾಗಲೆಂದು ಮೊದಲಿನಿಂದಲೇ ಬರೆಯುತ್ತೇನೆ. ನೀನು ಇನ್ನೂ ಕುರ್ಚಿ ಹಿಡಿದು ನಡೆಯುವ ಕಾಲದಲ್ಲಿ ನಮ್ಮೂರಿನದೇ ಸಣ್ಣ ಟಿವಿ ಕೇಂದ್ರದವರು ಅದನ್ನು ಮಾಡಿದರು. ಆಕಾಶದ ಒಂದು ಬಂಡೆ, ಬಂಡೆಯ ಮೇಲೆ ದೀಪಸ್ತಂಭ, ಅದನ್ನು ಕಾಯುವ ಗಂಡ ಹೆಂಡತಿ, ದಾರಿ ತಪ್ಪಿದ ಅಂತರಿಕ್ಷ ಹಡಗುಗಳಿಗೆ ಅವರು ತೋರುವ ಬೆಳಕು. ಬಂಡೆಯೆಂದರೆ ನಮ್ಮ ಪಶ್ಚಿಮದ ಗಣಿ ಊರು ಕ್ವೀನ್ಸ್‌ಟೌನಿನ ಬೋಳು ಗುಡ್ಡಗಳು. ಯಂತ್ರಮಾನವನೆಂದರೆ ಯಾರದೋ ಮನೆಯ ಹಳೆಯ ಬಟ್ಟೆ ಒಗೆಯುವ ಯಂತ್ರ. ಭಾವಾವೇಶದ ದೃಶ್ಯಗಳಲ್ಲಿ ಅದರ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತಿತ್ತು. ಆದರೂ ಪರದೆ ಬೂದುಬಣ್ಣಕ್ಕೆ ತಿರುಗಿ ಆ ದೀಪ ನಿಧಾನವಾಗಿ ಒಂದು ಸುತ್ತು ಬಂದರೆ, ಬಂದರಿನಿಂದ ದಣಿದು ಬಂದ ನಿನ್ನ ಅಪ್ಪ ಬಿಚ್ಚಿದ ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಕೂತುಬಿಡುತ್ತಿದ್ದ.

ಆಮೇಲೆ ಆ ಕೇಂದ್ರದ ಮಹಾನುಭಾವರು ಟೇಪು ಉಳಿಸಲೆಂದು ಅದೇ ಟೇಪುಗಳ ಮೇಲೆ ಫುಟ್‌ಬಾಲ್ ಪಂದ್ಯ ತುಂಬಿಸಿಕೊಂಡರು. ಉಳಿದ ಕಂತುಗಳ ನಕಲು ಅಲ್ಲಿ ಇಲ್ಲಿ ಸಿಕ್ಕವು. ಕೊನೆಯ ಕಂತು ಮಾತ್ರ ಭೂಮಿಯ ಮೇಲೆ ಎಲ್ಲೂ ಇಲ್ಲ, ನಮ್ಮ ಮನೆಯ ಬೀರುವಿನಲ್ಲಿ ದಿಂಬಿನ ಚೀಲಗಳ ನಡುವಿನ ಒಂದು ಕ್ಯಾಸೆಟ್ಟಿನ ಹೊರತು. ನಿನ್ನಪ್ಪ ಮರ್ವಿನ್ ಟಿವಿಯ ಮುಂದೆ ರೆಕಾರ್ಡರ್ ಇಟ್ಟು ಹಿಡಿದ ಬರೀ ಸದ್ದು ಅದು. ಟಿವಿಯ ಸದ್ದಿನ ಜೊತೆಗೆ ನಮ್ಮ ಸಂಸಾರದ ಸದ್ದೂ ಅದರಲ್ಲಿ ಬಂದು ಕೂತಿತು. ಇನ್ನು ಹಡಗುಗಳು ಬರುವುದಿಲ್ಲ, ದೀಪ ಆರಿಸಿ ಎಂದು ಮೇಲಿನಿಂದ ಆಜ್ಞೆ ಬರುತ್ತದೆ, ಕಾವಲುಗಾರ ಆರಿಸುವುದಿಲ್ಲ, ನಿಶ್ಶಬ್ದ. ಅಷ್ಟರಲ್ಲಿ ದೂರದಲ್ಲಿ ಉದ್ದನೆಯದೊಂದು ಸಿಳ್ಳೆ. ಅದು ಒಲೆಯ ಮೇಲೆ ನೀರು ಕುದಿದು ಕೂಗಿದ ನನ್ನ ಕೆಟಲ್. ಆಮೇಲೆ ನೀನು: “ಅಪ್ಪಾ, ಅವ್ರಿಗೆ ಊಟ ಯಾರು ತಂದ್ಕೊಡ್ತಾರೆ?” ಆಮೇಲೆ ನಿನ್ನಪ್ಪನ ಕೆಮ್ಮು, “ಶ್, ಪುಟ್ಟೀ.” ಕೊನೆಗೆ ಕಿವಿ ಗಡಚಿಕ್ಕುವ ಸಂಗೀತ.

ಪ್ರತಿ ಜೂನಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಅಭಿಮಾನಿಗಳ ಸಂಘ ಚರ್ಚಿನ ಸಭಾಂಗಣದಲ್ಲಿ ಕಿಟಕಿಯ ಪರದೆ ಎಳೆದು ಈ ಕ್ಯಾಸೆಟ್ ಹಾಕಿಕೊಂಡು ಕೂರುತ್ತದೆ. ಎಲ್ಲರೂ ಕಣ್ಣು ಮುಚ್ಚಿರುತ್ತಾರೆ. ಕೆಟಲ್ ಕೂಗಿದರೆ ಎದ್ದು ನಿಲ್ಲುತ್ತಾರೆ, ನಿನ್ನ ಪ್ರಶ್ನೆಯನ್ನು ಒಕ್ಕೊರಲಿನಿಂದ ಕೇಳುತ್ತಾರೆ, ನಿನ್ನಪ್ಪನ ಕೆಮ್ಮನ್ನು ಭಕ್ತಿಯಿಂದ ಕೆಮ್ಮುತ್ತಾರೆ. ಅದು ಕೆಟಲ್ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದು ಬರುತ್ತಿರುವ ಹಡಗು. ಮೂಲದಲ್ಲಿ ಹಡಗು ಬಂದಿತೋ ಇಲ್ಲವೋ ಯಾರಿಗೂ ನೆನಪಿಲ್ಲ. ನಮ್ಮಲ್ಲಿ ಮಾತ್ರ ಪ್ರತಿವರ್ಷ ಬರುತ್ತದೆ. ಇನ್ನು ಸಂಘದ ಮೊದಲ ನಿಯಮ ನಿನ್ನಪ್ಪ ಮಾಡಿದ್ದು: ಕ್ಯಾಸೆಟ್ಟಿನ ನಕಲು ತೆಗೆಯಕೂಡದು, ನಕಲು ತೆಗೆದರೆ ಸ್ವರ ಸವೆಯುತ್ತದೆ. ಬಂದರಿನ ಕ್ರೇನುಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ, ಟೇಪಿನ ಬಗ್ಗೆ ಗೊತ್ತಿದ್ದದ್ದು ಏನೂ ಇರಲಿಲ್ಲ. ಅವನು ಹೋದ ಮೇಲೆ ಆ ನಿಯಮ ವೇದವಾಯಿತು. ಇಷ್ಟು ವರ್ಷ ನಾವೆಲ್ಲ ಸೇರಿ ಮೂಲವನ್ನೇ ಹಾಕಿ ಹಾಕಿ, ಶ್ರದ್ಧೆಯಿಂದ ಸವೆಸಿದೆವು.

ಈ ಸಲ ಜೂನಿನಲ್ಲಿ ಕೆಮ್ಮು ಕೇಳಿಸಲಿಲ್ಲ ಮಗಳೇ. ಸಭಾಂಗಣವೆಲ್ಲ ಕೆಮ್ಮಿತು, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ನಾನು ಕೆಮ್ಮುವವಳಲ್ಲ, ಕೇಳುವವಳು. ಪರದೆಯ ಅಂಚಿನಿಂದ ಬಂದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು, ಟೇಪು ತಿರುಗುತ್ತಿತ್ತು, ಅವನಿರಬೇಕಾದ ಜಾಗದಲ್ಲಿ ಬರೀ ಗಾಳಿ ಬೀಸಿದಂಥ ಒಂದು ಶಬ್ದ. ಅವನ ದನಿ ಬೇರೆಲ್ಲೂ ಇಲ್ಲವೆಂದು ನಿನಗೆ ಗೊತ್ತು. ಫೋನು ಎತ್ತಿದರೆ “ಹೂಂ, ನಿಮ್ಮಮ್ಮನ್ನ ಕರೀತೀನಿ” ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಮನೆಗೆ ಬಂದು ಕ್ಯಾಸೆಟ್ಟನ್ನು ದಿಂಬಿನ ಚೀಲಗಳ ನಡುವೆ ಮಲಗಿಸಿದೆ, ಜ್ವರ ಬಂದ ಮಗುವನ್ನು ಮಲಗಿಸುವ ಹಾಗೆ.

ಸ್ಟುಡಿಯೊದವರು ಬಂದದ್ದು ಆಗಸ್ಟಿನಲ್ಲಿ. ಮಿಸ್ ಹಾಲೊವೇ ಎಂಬ ಹೆಂಗಸು, ನಮ್ಮ ಚಳಿಗೆ ಸಾಲದ ಕೋಟು ಹಾಕಿಕೊಂಡು. ಸಂಘಕ್ಕೆ ಸಂಘವೇ ಸೇರಿತ್ತು. ಅಧ್ಯಕ್ಷರು ಯಾರೆಂದು ಕೇಳಬೇಕೇ, ದೋಣಿ ಓಡಿಸುವುದನ್ನು ಬಿಟ್ಟ ಮೇಲೆ ನಮ್ಮನ್ನು ಓಡಿಸುತ್ತಿರುವ ಡೆಸ್ಮಂಡ್ ಪೈಬಸ್. ಸ್ಕ್ಯಾಲಪ್ ಚಿಪ್ಪುಮೀನಿನ ಕಡುಬು ತಣ್ಣಗಾಗುವವರೆಗೂ ಭಾಷಣ ಮಾಡಿದ. “ಇವ್ರ ಕೈಗೆ ಕೊಟ್ರೆ ಏನಾಗತ್ತೆ ಗೊತ್ತೇನ್ರೀ? ಕಾವಲುಗಾರನಿಗೆ ಉಬ್ಬಿದ ತೋಳು ಬರತ್ತೆ, ಕೈಗೆ ಬಂದೂಕು ಬರತ್ತೆ, ಹೆಂಡತಿಗೆ ಇಪ್ಪತ್ತೈದು ವಯಸ್ಸಾಗತ್ತೆ! ಒಗೆಯೋ ಮೆಷಿನ್ನು ಹಾಡು ಹೇಳತ್ತೆ!” ವಿಶ್ವವಿದ್ಯಾಲಯದ ಹುಡುಗಿ ಕೆಜಾಯಾ ಎದ್ದು ನಿಂತಳು; ಸಂಘದಲ್ಲಿ ಹಲ್ಲೆಲ್ಲ ಸ್ವಂತದ್ದಿರುವ ಏಕೈಕ ಸದಸ್ಯೆ ಅವಳು. “ಹಾಡಿದ್ರೆ ಹಾಡ್ಲಿ ಬಿಡಿ ಡೆಸ್. ಈ ಹಾಲ್‌ನಲ್ಲಿ ನಾವು ಸತ್ಮೇಲೆ ಇದನ್ನ ಯಾರು ಕೇಳ್ತಾರೆ?” “ನಾವು ಅಂದ್ರೆ ಯಾರು ಹುಡ್ಗೀ? ನನ್ನ ಮುಖ ನೋಡ್ಕೊಂಡೇ ಹೇಳ್ದೆಯಲ್ಲ!” “ಹತ್ರ ಇದ್ದೋರ್ನ ನೋಡ್ಕೊಂಡ್ ಹೇಳ್ದೆ.” ಸಭೆ ನಕ್ಕಿತು, ಡೆಸ್ಮಂಡನೂ ನಕ್ಕ, ನಕ್ಕದ್ದಕ್ಕೆ ಮತ್ತಷ್ಟು ಸಿಟ್ಟಾದ.

ಮಿಸ್ ಹಾಲೊವೇ ಒಳ್ಳೆಯವಳು. ಮೂಲ ಕ್ಯಾಸೆಟ್ ಕೊಟ್ಟರೆ ಕೊನೆಯ ಕಂತನ್ನು ಶುದ್ಧ ಮಾಡಿ, ಚಿತ್ರ ಬರೆಸಿ ಜೋಡಿಸಿ ಲೋಕಕ್ಕೆಲ್ಲ ತೋರಿಸುತ್ತೇವೆ ಎಂದಳು. ಎಷ್ಟು ಶುದ್ಧ ಎಂಬುದಕ್ಕೆ ಬೇರೆ ಯಾವುದೋ ಹಳೆಯ ಧ್ವನಿಯ ನಮೂನೆ ಕೇಳಿಸಿದಳು. ಮೊದಲ ಸಲ, ಮಾತಿನ ಹಿಂದೆ ಯಾರ ಮನೆಯದೋ ಮಗು ಅಳುತ್ತಿತ್ತು. ಎರಡನೆಯ ಸಲ ಮಾತು ಗಾಜಿನಷ್ಟು ಸ್ಪಷ್ಟ, ಮಗು ಇಲ್ಲ. ಸಭೆ ಚಪ್ಪಾಳೆ ಹೊಡೆಯಿತು. ಡೆಸ್ಮಂಡ್ ಮಾತ್ರ ಬಿಳಿಚಿಕೊಂಡ. “ಹಾಗಾದ್ರೆ ಕೆಟಲ್ಲೂ ಹೋಗತ್ತೆ,” ಎಂದ, ಈ ಸಲ ಭಾಷಣವಲ್ಲ, ಮೆಲ್ಲಗೆ. “ಕೆಟಲ್ ಹೋದ್ರೆ ಹಡಗು ಬರಲ್ಲ ಕಣಮ್ಮಾ. ಆ ಮನುಷ್ಯ ದೀಪ ಹಚ್ಕೊಂಡು ಸುಮ್ನೆ ಕೂತೇ ಇರ್ತಾನೆ.” ಅವನ ಹೆಂಡತಿ ತೀರಿಕೊಂಡ ವರ್ಷ ಅವನು ಸಂಘಕ್ಕೆ ಸೇರಿದ್ದು. ಹೊರಗೆ ಸೀಗಲ್ಲುಗಳು ಕಡುಬಿನ ವಾಸನೆಗೆ ಜಗಳವಾಡುತ್ತಿದ್ದವು.

ಎಲ್ಲರೂ ನನ್ನ ಕಡೆ ತಿರುಗಿದರು. ಕ್ಯಾಸೆಟ್ ನನ್ನದಲ್ಲವೇ. ಒಳಗೆ ನನ್ನ ಲೆಕ್ಕ ಹೀಗಿತ್ತು: ಕೊಡದಿದ್ದರೆ ಮರ್ವಿನ್ ಇನ್ನೊಂದೆರಡು ಜೂನಿನಲ್ಲಿ ಪೂರ್ತಿ ಅಳಿಸಿಹೋಗುತ್ತಾನೆ, ಕೊಟ್ಟರೆ ಒಂದೇ ಸಲಕ್ಕೆ ಅಳಿಸುತ್ತಾರೆ, ಅದೂ ಕಸವೆಂದು. ಮನಸ್ಸಿನಲ್ಲಿದ್ದದ್ದನ್ನೇ ಕೇಳಿಬಿಟ್ಟೆ: “ಆ ಮಗು ಎಲ್ಲಿ ಹೋಯ್ತು?” “ಯಾವ ಮಗು?” “ಅಳ್ತಿತ್ತಲ್ಲ, ಆಗ.” “ಅದನ್ನ ತೆಗೆದ್ವಿ ನೋಲೀನ್.” “ತೆಗೆದ್ರಿ ಸರಿ. ತೆಗೆದು ಎಲ್ಲಿ ಹಾಕಿದ್ರಿ? ಬಟ್ಟೆ ಒಗೆದ್ಮೇಲೆ ನೀರು ಎಲ್ಲಾದ್ರೂ ಹೋಗ್ಲೇಬೇಕಲ್ಲ?” ಕೆಲವರು ಕಿಸಕ್ಕೆಂದರು. ಮಿಸ್ ಹಾಲೊವೇಯೂ ನಗಲು ಬಾಯಿ ತೆರೆದವಳು ಹಾಗೇ ನಿಂತಳು. “ಎಲ್ಲೂ ಹಾಕಲ್ಲ. ಅಂದ್ರೆ... ಹಾಕ್ಬಹುದು. ಬೇರೆ ತೆಗೆದಿಡ್ಬಹುದು. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ.” “ಹಾಗಾದ್ರೆ ನಾನು ಕೇಳ್ತಿದೀನಿ. ಕಥೆ ನೀವಿಟ್ಕೊಳ್ಳಿ. ನೀವು ತೊಳೆದು ಚೆಲ್ಲೋದನ್ನೆಲ್ಲ ನಂಗೆ ಕೊಡಿ.”

ಒಪ್ಪಂದಕ್ಕೆ ಮೂರು ವಾರ ಹಿಡಿಯಿತು, ಏಕೆಂದರೆ ಡೆಸ್ಮಂಡ್ ಅದರಲ್ಲಿ ಕೆಟಲ್ಲಿನ ಪ್ರಶ್ನೆ ಎತ್ತಿದ. ಧಾರಾವಾಹಿ ಸ್ಟುಡಿಯೊದ್ದಾದರೂ ಕೆಟಲ್ ನೋಲೀನಳ ಸೊತ್ತು, ಆದ್ದರಿಂದ ಪ್ರತಿ ಜೂನಿನಲ್ಲಿ ಸಭಾಂಗಣದಲ್ಲಿ ನಿಜವಾದ ಕೆಟಲ್ ಇಟ್ಟು ಹಡಗು ಬರಿಸುವ ಹಕ್ಕು ಸಂಘದ್ದೇ ಎಂದು ವಾದಿಸಿದ. ಅಮೆರಿಕದ ವಕೀಲರು ಗಂಭೀರವಾಗಿ ಚರ್ಚಿಸಿ ಒಪ್ಪಿದರಂತೆ. ಸೆಪ್ಟೆಂಬರಿನಲ್ಲಿ ಕ್ಯಾಸೆಟ್ ಹೊರಟಿತು. ವಿಮಾನ ನಿಲ್ದಾಣದವರೆಗೂ ಡೆಸ್ಮಂಡ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾರು ಓಡಿಸುತ್ತಿದ್ದ ಕೆಜಾಯಾ ಪ್ರತಿ ತಿರುವಿನಲ್ಲೂ “ಉಸಿರಾಡಿ ಡೆಸ್” ಎನ್ನುತ್ತಿದ್ದಳು. ಮನೆಗೆ ಬಂದ ಮೇಲೆ ನಾನು ಬೀರು ತೆರೆದು ನೋಡಿದೆ. ದಿಂಬಿನ ಚೀಲಗಳ ನಡುವೆ ಅಷ್ಟಗಲದ ಗುಳಿ ಹಾಗೇ ಇತ್ತು. ಒಂದು ವಾರ ಅದನ್ನು ಸರಿಮಾಡಲು ಹೋಗಲಿಲ್ಲ. ಸರಿಮಾಡಿದೆನೋ ತಪ್ಪುಮಾಡಿದೆನೋ ಎಂದು ನಿನ್ನನ್ನು ಕೇಳಬೇಕೆನಿಸಿತು. ಆ ಕ್ಯಾಸೆಟ್ಟಿನಲ್ಲಿರುವವರಲ್ಲಿ ಈಗ ಕೇಳಿದರೆ ಉತ್ತರ ಕೊಡುವವಳು ನೀನೊಬ್ಬಳೇ ತಾನೆ.

ಇರಲಿ. ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಎರಡು ಸಲ ಬಡಿಸಲಿ. ಕೆಜಾಯಾ ನಿನ್ನನ್ನು ಕೇಳಿದಳು, ಡೆಸ್ಮಂಡ್ ತನ್ನನ್ನು ನೀನು ಕೇಳಿದೆಯಾ ಎಂದು ಕೇಳಿದ. ಸಮುದ್ರ ನಿನ್ನನ್ನು ತೊಟ್ಟಿಲಲ್ಲಿಟ್ಟಂತೆ ತೂಗಿ ತಂದು ದಡ ಮುಟ್ಟಿಸಲಿ.

ನಿನ್ನ ಅಮ್ಮ,
ನೋಲೀನ್

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಪೋಸ್ಟಿನವನು ಬಂದ. ಅಮೆರಿಕದ ಪೊಟ್ಟಣ. ಚೆಲ್ಲಿದ್ದೆಲ್ಲ ಒಂದು ಸಣ್ಣ ಡಬ್ಬಿಯಲ್ಲಿ ಬಂದಿದೆ; ಪಕ್ಕದ ಮನೆಯವರು ಬಂದು ಅದರಲ್ಲಿನ ಸದ್ದು ಹಾಕಿಕೊಟ್ಟು ಹೋದರು. ದೀಪಸ್ತಂಭವಿಲ್ಲ, ಹಡಗಿಲ್ಲ, ಸಂಗೀತವಿಲ್ಲ. ನಮ್ಮ ಆ ಕೋಣೆ ಮಾತ್ರ, ಕಿಟಕಿಗೆ ಮಳೆ, ಕುರ್ಚಿಯ ಕಿರುಗುಟ್ಟು. ಅವನ ಕೆಮ್ಮು ಇದೆ ಮಗಳೇ, ನಮ್ಮ ಕಿವಿಗೆ ಸಿಗದಷ್ಟು ಸವೆದದ್ದನ್ನೂ ಅವರ ಯಂತ್ರ ಹೆಕ್ಕಿ ತೆಗೆದಿದೆ, ಪಕ್ಕದಲ್ಲೇ ಕೂತು ಕೆಮ್ಮಿದಷ್ಟು ಹತ್ತಿರ. ಆಮೇಲೆ, ಇಷ್ಟು ವರ್ಷ ಆ ಸಂಗೀತ ಮುಚ್ಚಿಟ್ಟಿದ್ದ ಜಾಗದಲ್ಲಿ, ಅವನು ಮೆಲ್ಲಗೆ ಏನೋ ಹೇಳುತ್ತಾನೆ, ಒಬ್ಬ ಹೆಂಗಸು ನಗುತ್ತಾಳೆ. ಎಂಥ ನಗು ಅಂತೀಯಾ, ತಡೆದರೂ ನಿಲ್ಲದ ನಗು. ನನಗೆ ಮೊದಲು ಸಿಟ್ಟೇ ಬಂತು: ನನ್ನ ಮನೆಯಲ್ಲಿ ನನ್ನ ಗಂಡನ ಜೊತೆ ಇಷ್ಟು ಸಲುಗೆಯಿಂದ ನಗುವವಳು ಯಾರಿವಳು? ಅದು ನಾನು ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು. ಅಲ್ಲಿಗೇ ನಿಲ್ಲಿಸಿದ್ದೇನೆ. ಅವನು ಏನು ಹೇಳಿದನೋ ನನ್ನ ಕಿವಿಗೆ ಹತ್ತಲಿಲ್ಲ, ನಿನ್ನ ಕಿವಿ ಚುರುಕು. ಬಂದರಿನಲ್ಲಿ ಯಾರ ಜೊತೆಗೂ ಕುಡಿಯಲು ನಿಲ್ಲಬೇಡ, ನೆಟ್ಟಗೆ ಮನೆಗೆ ಬಾ. ಉಳಿದದ್ದನ್ನು ಇಬ್ಬರೂ ಕೂತು ಕೇಳೋಣ.