ಬೆಕ್ಕು ಅಡ್ಡ ಬಂದ ನಡುಗಡ್ಡಿ

ತ್ರಿಶಲಾ ಮಗಳ, ಇದು ನಿನ್ನ ಕಾಕಾ ಜಪಾನಿನಿಂದ ಬರದದ್ದು. ದ್ರಾಕ್ಷಿ ಬೆಳೆಗಾರರ ತಂಡ ಇವತ್ತ ಒಂದು ನಡುಗಡ್ಡಿಗೆ ಹೋಗಿತ್ತು. ಅಲ್ಲಿ ಮಂದಿಗಿಂತ ಬೀಡಾಡಿ ಬೆಕ್ಕ ಹೆಚ್ಚು. ಸಂಜಿಗೆ ಎಲ್ಲಾರೂ ಕಡೇ ಬೋಟು ಹತ್ತಿದ್ರು. ಹಿಂದ ಹೊಂಟಿದ್ದ ನನಗ ಒಂದು ಬೆಕ್ಕ ಅಡ್ಡ ಹೋತು. ಬ್ಯಾರೆ ಯಾರರ ದಾಟೂತನಕ ನಾ ಹೆಜ್ಜಿ ಇಡ್ತೀನೇನು? ನಿಂತೆ. ಅಷ್ಟರಾಗ ಇನ್ನೂ ನಾಲ್ಕ ಅಡ್ಡ ಹೋದುವು! ನಿಮ್ಮಣ್ಣ ಸಮ್ಮೇದ ಬೋಟಿನಿಂದ, “ಕಾಕಾ, ಬಿಟ್ಟಹೋಗ್ತಾರ, ಬರ್ರಿ!” ಅಂತ ಬಾಯಿ ಬಡಕೊಳ್ಳಾಕತ್ತಿದ್ದ. ಪುಣ್ಯಾಕ ಮೀನಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಾಕಿ ನನ್ನ ದಾಟಿ ನಡದ್ಲು. ಬೆಕ್ಕೆಲ್ಲಾ ಆಕಿ ಬೆನ್ನ ಹತ್ತಿದುವು, ದಾರಿ ಖುಲ್ಲಾ ಆತು. ಓಡಿ ಬೋಟು ಹಿಡದೆ, ಜೀವ ಬಂದಂಗಾತು. ಮಣಕಾಲು ಗಟ್ಟಿ ಅದಾವು, ಮನಿಯಿಂದ ತಂದ ಚಟ್ನಿಪುಡಿ ಇನ್ನೂ ಐತಿ. ಮಣಕಾಲಿಗೆ ಆಗೂದಿಲ್ಲ, ಓಡಬ್ಯಾಡ್ರಿ ಅಂತ ಹೇಳಿ ಕಳಿಸಿದ್ದ ನಿಮ್ಮ ಕಾಕುಗ ನಾ ಓಡಿದ್ದು ಹೇಳಬ್ಯಾಡ. ಜಪಾನಿನವರು ಕಾಕಾಗಾಗಿ ಬೋಟು ನಿಲ್ಲಿಸಿದ್ರು ಅನ್ನು.

ದಾದಾಸಾಹೇಬ ಕಾಕಾ